ತೂಕ ಮೂರು ವಾರ, ಹಲ್ಲು ಏಳು ವಾರ

ಮಂಗಳೂರಿನಲ್ಲಿ ಬೇಡವಾದ ಬೆಕ್ಕಿನ ಮರಿಗಳನ್ನು ಎಲ್ಲಿ ಬಿಡುತ್ತಾರೆಂದು ನಿಮಗೂ ಗೊತ್ತಿರಬಹುದು. ಮೀನು ಮಾರುವ ಜಾಗದಲ್ಲಿ. ಅಲ್ಲಿಯಾದರೆ ಹೊಟ್ಟೆಗೇನಾದರೂ ಸಿಕ್ಕೀತು ಎಂದು ತಮ್ಮ ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಂಡು, ಜನ ಸೇರುವ ಮೊದಲೇ ಚೀಲದ ಬಾಯಿ ಬಿಚ್ಚಿ ಹೋಗಿಬಿಡುತ್ತಾರೆ.

ಪಂಪ್‌ವೆಲ್ ಮೇಲ್ಸೇತುವೆಯ ಬದಿಯಲ್ಲಿ ಮೀನು ಮಾರುವ ಅಮ್ಮಣ್ಣಿ ಇಂಥ ಮರಿಗಳನ್ನು ಎಷ್ಟೋ ನೋಡಿದ್ದಳು. ಒಂದನ್ನೂ ಮನೆಗೆ ಒಯ್ದವಳಲ್ಲ. ಆದರೆ ಆ ಸೋಮವಾರ ಸಿಕ್ಕಿದ ಬೂದು ಮರಿ ಬೇರೆಯೇ. ಅವಳು ಎಸೆದ ಬೂತಾಯಿ ಮೀನಿನ ತಲೆಯನ್ನು ದೊಡ್ಡ ಬೆಕ್ಕುಗಳು ಎತ್ತಿಕೊಂಡು ಓಡಿದವು. ಮರಿ ಜಗಳಕ್ಕೆ ಹೋಗಲಿಲ್ಲ. ಮೆಲ್ಲಗೆ ಬಂದು ಅವಳ ಕಾಲಬುಡದಲ್ಲಿ ಮುದುಡಿ ಕುಳಿತಿತು.

ಅಮ್ಮಣ್ಣಿ ಅದನ್ನು ಎತ್ತಿ ತಕ್ಕಡಿಯ ಮೇಲಿಟ್ಟಳು.

"ಅಮ್ಮಣ್ಣಕ್ಕ, ಅದಕ್ಕೂ ರೇಟ್ ಹಾಕಿದ್ರಾ?" ಪಕ್ಕದಲ್ಲೇ ರಿಕ್ಷಾ ನಿಲ್ಲಿಸುವ ರೂಪೇಶ್ ನಕ್ಕ.

"ಬಾಯಿ ಮುಚ್ಚು ಮಾರಾಯ. ಮುನ್ನೂರ ಐವತ್ತು ಗ್ರಾಂ! ಎರಡು ಬಂಗುಡೆಯಷ್ಟೂ ಇಲ್ಲ, ಪಾಪ. ಎಷ್ಟು ದಿನದ್ದೋ ಎಂತದೋ."

ರೂಪೇಶ್ ಮೊಬೈಲ್ ತೆಗೆದು ನೋಡಿದ. "ವಾರಕ್ಕೆ ನೂರು ಗ್ರಾಂ ಲೆಕ್ಕ ಅಂತೆ ಅಕ್ಕ. ಅಂದ್ರೆ ಮೂರೂವರೆ ವಾರದ್ದು."

ಅಮ್ಮಣ್ಣಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷಗಳಿಂದ ಗಿರಾಕಿಗಳ ಬಾಯಿಯನ್ನು ತಕ್ಕಡಿ ತೋರಿಸಿಯೇ ಮುಚ್ಚಿಸಿದವಳು ಅವಳು. ತಕ್ಕಡಿ ಹೇಳಿದ ಮೇಲೆ ಇನ್ನು ಮಾತುಂಟೇ?

ಮರಿ ಅವಳ ಜೊತೆ ಬೋಳಾರದ ಮನೆಗೆ ಬಂತು. ಮನೆಯಲ್ಲಿ ಅವಳ ಗಂಡ ಚೆನ್ನಪ್ಪ. ನಲವತ್ತು ವರ್ಷ ಬೋಟಿನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಕಡಲಿಗೆ ಹೋಗುವುದನ್ನು ನಿಲ್ಲಿಸಿದ್ದ. ಮಗ ಸೊಸೆ ಕೆಲಸಕ್ಕೆ ಹೊರಟರೆಂದರೆ ಅವನಿಗೆ ಟಿವಿಯ ಜೊತೆಗೇ ಜಗಳ. ಮರಿಯನ್ನು ಅಂಗೈಯಲ್ಲಿಟ್ಟುಕೊಂಡವನು ಆ ದಿನ ಟಿವಿ ಹಾಕಲೇ ಇಲ್ಲ.

"ಇದರ ಕೆಲಸ ಎಲ್ಲ ನನಗಿರಲಿ. ನೀನು ಮೀನು ನೋಡ್ಕೊ," ಎಂದ.

"ನೋಡಿ, ಇದು ಮೂರು ವಾರದ ಕೂಸು. ಹಾಲು ಬಿಟ್ಟು ಬೇರೆ ಎಂತದೂ ಕೊಡ್ಲಿಕ್ಕಿಲ್ಲ," ಎಂದು ಅಮ್ಮಣ್ಣಿ ಕಟ್ಟಪ್ಪಣೆ ಮಾಡಿದಳು.

ಚೆನ್ನಪ್ಪ ಹಸುವಿನ ಹಾಲಿಗೆ ನೀರು ಬೆರೆಸಿ, ಬಿಸಿ ಮಾಡಿ, ಡ್ರಾಪರಿನಲ್ಲಿ ಎರಡೆರಡು ಗಂಟೆಗೊಮ್ಮೆ ಕುಡಿಸತೊಡಗಿದ. ಬುಧವಾರ ಮರಿಗೆ ಭೇದಿ ಹಿಡಿಯಿತು. ಗುರುವಾರ ಅದು ಡ್ರಾಪರನ್ನೇ ಕಚ್ಚಿ ಎಳೆಯಿತು. ಮಧ್ಯಾಹ್ನ ಊಟ ಮುಗಿಸಿ ಬಂದ ಚೆನ್ನಪ್ಪನ ಕೈಯನ್ನು ಮೂಸಿ ಮೂಸಿ ಕಿರುಚಿತು.

"ಮೀನಿನ ವಾಸನೆಗೆ ಬೊಬ್ಬೆ ಹಾಕ್ತದೆ ಮಾರಾಯ್ತಿ. ಒಂದು ಚೂರು ಬೇಯಿಸಿ ಕೊಡುವನಾ?"

"ನಿಮ್ಮ ಮಗ ಹಾಲು ಕುಡೀತಿದ್ದಾಗ ಅವನಿಗೆ ಬಂಗುಡೆ ತಿನ್ನಿಸಿದ್ದೀರಾ? ಮುಳ್ಳು ಸಿಕ್ಕಿ ಸತ್ತರೆ ಆಮೇಲೆ ನನ್ನ ಹತ್ರ ಹೇಳ್ಬೇಡಿ."

ಚೆನ್ನಪ್ಪ ಮತ್ತೆ ಡ್ರಾಪರನ್ನು ಕೈಗೆತ್ತಿಕೊಂಡ. ಅವಳು ಮೀನಿನ ವಿಷಯದಲ್ಲಿ ತಪ್ಪಿದ್ದನ್ನು ಅವನು ನೋಡಿದವನಲ್ಲ. ಮರಿಯ ವಿಷಯದಲ್ಲೂ ತಪ್ಪಲಾರಳು ಎಂದುಕೊಂಡ. ಹೀಗೆ, ಬುಟ್ಟಿಗಟ್ಟಲೆ ಮೀನು ಬಂದು ಹೋಗುವ ಮನೆಯಲ್ಲಿ ಒಂದು ಬೆಕ್ಕಿನ ಮರಿ ದಿನದಿಂದ ದಿನಕ್ಕೆ ಸೊರಗಿತು.

ಶನಿವಾರ ಬೆಳಗ್ಗೆ ಪಂಪ್‌ವೆಲ್‌ನಲ್ಲಿ ವ್ಯಾಪಾರ ಜೋರಾಗಿತ್ತು. ಸಫಾ ಬಂದು ಬುಟ್ಟಿಯ ಮುಂದೆ ಕುಳಿತಿದ್ದಳು. ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿರುವ ಈ ಹುಡುಗಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೀನಿಗೆ ಹೇಳಿಟ್ಟು, ಮಧ್ಯಾಹ್ನ ಒಯ್ಯುವುದು ರೂಢಿ.

"ಅಕ್ಕ, ಕಾಣೆ ಮೀನು ಉಂಟಾ?"

ಅಮ್ಮಣ್ಣಿಯ ಕಣ್ಣು ಆಗಷ್ಟೇ ಬಂದು ನಿಂತ ಬಸ್ಸಿನ ಕಡೆಗಿತ್ತು. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವನು ಚೆನ್ನಪ್ಪ! ವರ್ಷದಿಂದ ಬಸ್ಸು ಹತ್ತದ ಮನುಷ್ಯ. ಎದೆಗೆ ಒತ್ತಿ ಹಿಡಿದ ಬಟ್ಟೆಚೀಲದಿಂದ ಬೂದು ಕಿವಿಯೊಂದು ಕಾಣುತ್ತಿತ್ತು.

"ಏಳುವುದೇ ಇಲ್ಲ ಇದು," ಎಂದ ಚೆನ್ನಪ್ಪ. "ಬೆಳಗ್ಗೆಯಿಂದ ಹಾಲೂ ಬೇಡ. ಎಂತ ಮಾಡ್ಬೇಕು ಹೇಳು. ನೀನೇ ತಂದದ್ದಲ್ವಾ?"

ಕಾಣೆಯ ಮಾತು ಅಲ್ಲಿಗೇ ನಿಂತಿತು. ಸಫಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮರಿಯನ್ನು ಬಟ್ಟೆಯಲ್ಲೇ ಸುತ್ತಿ ನೋಡಿದಳು.

"ಎಷ್ಟು ದಿನದ್ದು ಅಕ್ಕ ಇದು?"

"ಮೂರೂವರೆ ವಾರ. ಈಗ ನಾಲ್ಕು ಅಂತಿಟ್ಟುಕೊ. ತೂಕ ಹಾಕಿದ್ದೇನೆ ನಾನು."

"ಎಂತ ಕೊಡ್ತಾ ಇದ್ರಿ?"

"ಹಸುವಿನ ಹಾಲು. ಮತ್ತೆಂತ ಕೊಡ್ಲಿಕ್ಕೆ ಆಗ್ತದೆ ಇಷ್ಟು ಸಣ್ಣದಕ್ಕೆ?"

ಸಫಾ ಮರಿಯ ತಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅದರ ಮೇಲ್ತುಟಿಯನ್ನು ಒಂದು ಬದಿಯಿಂದ ಮೆಲ್ಲಗೆ ಸರಿಸಿದಳು. ಮತ್ತೊಂದು ಬದಿಯನ್ನೂ ಸರಿಸಿ ನೋಡಿದಳು.

"ಬನ್ನಿ ಅಕ್ಕ, ನೀವೇ ನೋಡಿ. ಮುಂದೆ ಅಕ್ಕಿನುಚ್ಚಿನ ಹಾಗೆ ಸಣ್ಣ ಹಲ್ಲು ಉಂಟಲ್ವಾ? ಅದು ಎರಡು ಮೂರು ವಾರಕ್ಕೆ ಬರ್ತದೆ. ಬದಿಯಲ್ಲಿ ಸೂಜಿ ಹಾಗಿರುವ ಕೋರೆಹಲ್ಲು ಮೂರು ನಾಲ್ಕು ವಾರಕ್ಕೆ. ಈಗ ಹಿಂದೆ ನೋಡಿ. ದವಡೆಹಲ್ಲು! ಮೇಲೆ ಉಂಟು, ಕೆಳಗೂ ಉಂಟು. ಇಷ್ಟೆಲ್ಲ ಬರ್ಬೇಕಾದ್ರೆ ಆರು ವಾರ ಆದ್ರೂ ದಾಟ್ಬೇಕು. ನನ್ನ ಲೆಕ್ಕದಲ್ಲಿ ಇದು ಏಳು ವಾರದ್ದು."

"ಹೋಗು ನೀನೊಂದು!" ಅಮ್ಮಣ್ಣಿ ಸಿಡಿದಳು. "ಏಳು ವಾರದ್ದು ಇಷ್ಟು ಸಣ್ಣ ಇರ್ತದಾ? ಹಾಗಾದ್ರೆ ನನ್ನ ತಕ್ಕಡಿ ಸುಳ್ಳು ಹೇಳಿತಾ?"

"ತಕ್ಕಡಿ ಸುಳ್ಳು ಹೇಳ್ಲಿಲ್ಲ. ನೀವು ಅದರ ಹತ್ರ ವಯಸ್ಸು ಕೇಳಿದ್ದು ತಪ್ಪು. ವಾರಕ್ಕೆ ನೂರು ಗ್ರಾಂ ಅನ್ನುವ ಲೆಕ್ಕ ತಾಯಿ ಹಾಲು ಹೊಟ್ಟೆ ತುಂಬ ಕುಡಿದ ಮರಿಗೆ. ಬೀದಿಯಲ್ಲಿ ಉಪವಾಸ ಬಿದ್ದದ್ದಕ್ಕೆ, ಹೊಟ್ಟೆಯಲ್ಲಿ ಹುಳ ಇದ್ದದ್ದಕ್ಕೆ ಆ ಲೆಕ್ಕ ಎಲ್ಲಿ ಸರಿಯಾಗ್ತದೆ?"

ರೂಪೇಶ್ ಮೆಲ್ಲಗೆ ಮೊಬೈಲನ್ನು ಜೇಬಿಗೆ ಸೇರಿಸಿದ.

"ಅಕ್ಕ, ನಾನು ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದಳು ಸಫಾ. "ಮೀನು ತಾಜಾ ಉಂಟಾ ಅಂತ ಗಿರಾಕಿ ಕೇಳಿದ್ರೆ ನೀವು ಎಂತ ಮಾಡ್ತೀರಿ? ತೂಕ ಹಾಕಿ ತೋರಿಸ್ತೀರಾ?"

"ತೂಕದಲ್ಲಿ ಎಂತ ಗೊತ್ತಾಗ್ತದೆ? ಕಿವಿರು ಎತ್ತಿ ತೋರಿಸ್ತೇನೆ. ಕಣ್ಣು ನೋಡು ಅಂತೇನೆ."

ಹೇಳಿದ ಮೇಲೆ ಅವಳಿಗೇ ತನ್ನ ಮಾತು ಕೇಳಿಸಿತು. ಮರಿಯ ಕಡೆ ಬಗ್ಗಿದಳು. ಅರ್ಧ ತೆರೆದ ಕಣ್ಣುಗಳಲ್ಲಿ ನೀಲಿ ಅಂಚಿನಲ್ಲಷ್ಟೇ ಉಳಿದಿತ್ತು. ಒಳಗೆಲ್ಲ ಹಳದಿ ತಿರುಗಿತ್ತು.

"ಮರಿಗಳ ಕಣ್ಣು ಮೊದಲು ನೀಲಿಯೇ," ಎಂದಳು ಸಫಾ. "ಆರೇಳು ವಾರಕ್ಕೆ ಬಣ್ಣ ತಿರುಗ್ಲಿಕ್ಕೆ ಶುರು. ಕಿವಿ ನೋಡಿ, ನೆಟ್ಟಗೆ ನಿಂತಿದೆ. ಅಣ್ಣ, ಇದು ಮೊದಲ ದಿನ ಹೇಗೆ ನಡೀತಿತ್ತು? ತೂರಾಡ್ತಿತ್ತಾ?"

"ತೂರಾಡುವುದಾ? ನನ್ನ ಲುಂಗಿ ಹಿಡಿದು ಮಂಚ ಹತ್ತಿತ್ತು!" ಎಂದ ಚೆನ್ನಪ್ಪ.

"ಮೂರು ವಾರದ್ದಕ್ಕೆ ನೆಟ್ಟಗೆ ನಿಲ್ಲಲಿಕ್ಕೇ ಕಷ್ಟ."

ಅಮ್ಮಣ್ಣಿ ಮೀನಿನ ಬುಟ್ಟಿಯ ಅಂಚು ಹಿಡಿದು ಕುಳಿತಳು. "ಹಾಗಾದ್ರೆ ಇದಕ್ಕೆ ತಿನ್ನಲಿಕ್ಕೆ ಬೇಕಿತ್ತು. ನಾನು ಐದು ದಿನ ಉಪವಾಸ ಹಾಕಿದ್ದು."

"ನೀವು ಎತ್ತಿಕೊಂಡು ಹೋಗದಿದ್ರೆ ಇಷ್ಟು ದಿನವೂ ಇರ್ತಿರ್ಲಿಲ್ಲ ಅಕ್ಕ. ಈಗ ಕೂತು ಅಳ್ಬೇಡಿ, ಡಾಕ್ಟ್ರಮ್ಮನ ಹತ್ರ ಹೋಗುವ. ಅಣ್ಣ, ಒಂದು ನಿಮಿಷ. ಇದು ನಿಮಗೆ ಕಚ್ಚಿದೆಯಾ?"

ಚೆನ್ನಪ್ಪ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. ಅಮ್ಮಣ್ಣಿ ಅದನ್ನು ಹಿಡಿದೆಳೆದಳು. ತೋರುಬೆರಳಿನಲ್ಲಿ ಎರಡು ಕೆಂಪು ಚುಕ್ಕೆಗಳಿದ್ದವು.

"ಯಾವಾಗ ಇದು?"

"ನಿನ್ನೆ ಸಂಜೆ. ಹಸಿವಿಗೆ ಕಚ್ಚಿದ್ದು, ಸಿಟ್ಟಿಗಲ್ಲ. ಹೇಳಿದ್ರೆ ನೀನು ಹೊರಗೆ ಬಿಡ್ತಿ ಅಂತ…"

"ಮೂರು ವಾರದ ಕೂಸು ಅಂತ ನಾನು ಹೇಳುವಾಗ ನಿಮಗೆ ಬಾಯಿ ಇರ್ಲಿಲ್ವಾ?" ಅಮ್ಮಣ್ಣಿ ಬೈಯುತ್ತಲೇ ನೀರಿನ ಕ್ಯಾನು ಎತ್ತಿದಳು. ಸಫಾ ತನ್ನ ಚೀಲದಿಂದ ಸಾಬೂನು ತೆಗೆದುಕೊಟ್ಟಳು.

"ಮರಿ ಅಂತ ಸದರ ಮಾಡ್ಬಾರ್ದು ಅಣ್ಣ. ಬೀದಿ ಬೆಕ್ಕು ಕಚ್ಚಿದ್ರೂ, ಉಗುರು ತಾಗಿ ರಕ್ತ ಬಂದ್ರೂ ರೇಬೀಸಿನ ಭಯ ಉಂಟು. ಕಚ್ಚಿದ ಕೂಡ್ಲೇ ಸಾಬೂನು ಹಾಕಿ ಹದಿನೈದು ನಿಮಿಷ ತೊಳೀಬೇಕು. ತಡ ಆದ್ರೂ ತೊಳೀರಿ. ಆಮೇಲೆ ಸರ್ಕಾರಿ ಆಸ್ಪತ್ರೆ. ಇಂಜೆಕ್ಷನ್ ಇವತ್ತೇ ಶುರು ಮಾಡ್ಬೇಕು, ಹೇಳಿದ ದಿನಕ್ಕೆ ಸರಿಯಾಗಿ ಎಲ್ಲ ಮುಗಿಸ್ಬೇಕು."

ಅಮ್ಮಣ್ಣಿ ನೀರು ಹೊಯ್ದಳು, ಚೆನ್ನಪ್ಪ ತಿಕ್ಕಿದ. ಮೀನಿಗೆ ಬಂದವರು ಕಾದು ನಿಂತರು. ಹದಿನೈದು ನಿಮಿಷ ಎಂದರೆ ಎಷ್ಟು ಉದ್ದವೆಂದು ಆ ದಿನ ಅಲ್ಲಿದ್ದವರಿಗೆಲ್ಲ ತಿಳಿಯಿತು. ಆಮೇಲೆ ಬುಟ್ಟಿಯನ್ನು ಪಕ್ಕದಲ್ಲಿ ಮೀನು ಮಾರುವ ಜಯಳಿಗೆ ಒಪ್ಪಿಸಿ, ಮೂವರೂ ರೂಪೇಶನ ರಿಕ್ಷಾ ಹತ್ತಿದರು.

ಡಾಕ್ಟರು ಮರಿಯ ಹಲ್ಲು, ಕಣ್ಣು, ಹೊಟ್ಟೆ ಎಲ್ಲ ನೋಡಿ ಸಫಾಳ ಮಾತನ್ನೇ ಹೇಳಿದರು. ಏಳು ವಾರ, ಒಂದೆರಡು ದಿನ ಆಚೀಚೆ. ಹಸುವಿನ ಹಾಲು ಹೆಚ್ಚಿನ ಮರಿಗಳಿಗೆ ಜೀರ್ಣವಾಗುವುದಿಲ್ಲ, ಭೇದಿ ಅದರದ್ದೇ. ಮೈಯಲ್ಲಿ ನೀರು ಬತ್ತಿದೆ. ಚರ್ಮದಡಿಗೆ ಸಲೈನ್ ಕೊಟ್ಟರು.

"ಬದುಕ್ತದಾ ಡಾಕ್ಟ್ರೇ?" ಚೆನ್ನಪ್ಪ ಕೇಳಿದ.

"ಎರಡು ದಿನ ಕಳೆಯದೆ ಹೇಳ್ಲಿಕ್ಕೆ ಆಗುವುದಿಲ್ಲ. ಬೆಚ್ಚಗೆ ಇಡಿ. ಮೀನು ಬೇಯಿಸಿ, ಒಂದು ಮುಳ್ಳೂ ಇಲ್ಲದ ಹಾಗೆ ಮಾಡಿ, ಉಪ್ಪು ಖಾರ ಇಲ್ಲದೆ ನುಣ್ಣಗೆ ಹಿಸುಕಿ. ಒಮ್ಮೆಗೆ ಅರ್ಧ ಚಮಚ ಸಾಕು, ಪದೇ ಪದೇ ಕೊಡಿ. ಚೇತರಿಸಿಕೊಂಡ ಮೇಲೆ ಜಂತುಹುಳದ ಮದ್ದು, ಅದರ ಹಿಂದೆಯೇ ಮೊದಲ ಲಸಿಕೆ. ಲಸಿಕೆಗೆ ವಯಸ್ಸು ಆಗಿದೆ ಇದಕ್ಕೆ. ನೀವು ಮೂರು ವಾರ ಅಂತ ಕಾಯ್ತಾ ಕೂತಿದ್ರೆ ಅದೂ ತಪ್ಪಿ ಹೋಗ್ತಿತ್ತು. ಮೂರು ತಿಂಗಳಾದಾಗ ರೇಬೀಸಿನದ್ದು."

ಚೆನ್ನಪ್ಪನಿಗೆ ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಆಯಿತು. ಮನೆಗೆ ಬಂದ ಮೇಲೆ ಅಮ್ಮಣ್ಣಿ ಸೀರೆ ಸಹ ಬದಲಿಸದೆ ಕಾಣೆ ಬೇಯಿಸಿದಳು. ಮುಳ್ಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿ ಹುಡುಕಿ ತೆಗೆದಳು. ಹಿಸುಕಿದ್ದನ್ನು ಮೂಗಿನ ಹತ್ತಿರ ಹಿಡಿದಾಗ ಮರಿ ಅಲುಗಾಡಲಿಲ್ಲ. ತುಟಿಗೆ ಸವರಿದಳು. ನಾಲಿಗೆ ಒಮ್ಮೆ ಹೊರಗೆ ಬಂತು, ಒಳಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ ಬಂತು.

ಭಾನುವಾರ ಅದು ತಲೆ ಎತ್ತಿತು. ಸೋಮವಾರ ಮಧ್ಯಾಹ್ನ ಮೀನು ಮಾರಿ ಮನೆಗೆ ಬಂದ ಅಮ್ಮಣ್ಣಿಯನ್ನು ಚೆನ್ನಪ್ಪ ಬಾಗಿಲಲ್ಲೇ ತಡೆದ.

"ಮೆಲ್ಲಗೆ ಬಾ. ಊಟ ಮಾಡ್ತಾ ಉಂಟು."

ಮರಿ ನಾಲ್ಕೂ ಕಾಲ ಮೇಲೆ ನಿಂತು, ಬಟ್ಟಲಿಗೆ ಮುಖ ತುರುಕಿ, ಯಾರೋ ಕಿತ್ತುಕೊಳ್ಳಲು ಬಂದಂತೆ ಗುರ್ ಗುರ್ ಎನ್ನುತ್ತ ತಿನ್ನುತ್ತಿತ್ತು. ಅಮ್ಮಣ್ಣಿ ಹೊಸ್ತಿಲಲ್ಲೇ ಕುಳಿತಳು. ನಗು ಬಂತು, ಕಣ್ಣೂ ತುಂಬಿತು.

"ನಿಮ್ಮ ಮಾತು ಕೇಳ್ಬೇಕಿತ್ತು ನಾನು," ಎಂದಳು.

"ಮದುವೆಯಾಗಿ ಇಷ್ಟು ವರ್ಷಕ್ಕೆ ಒಮ್ಮೆ ಹೇಳಿದೆಯಲ್ಲ, ಸಾಕು ಬಿಡು," ಎಂದ ಚೆನ್ನಪ್ಪ.

ಓದುಗರೇ, ಕೇಳುಗರೇ, ಬೀದಿಯಲ್ಲಿ ಒಂಟಿ ಮರಿ ಕಂಡರೆ ಮೊದಲು ಸ್ವಲ್ಪ ದೂರ ನಿಂತು ಕಾಯಿರಿ. ತಾಯಿ ಆಹಾರ ಹುಡುಕಲು ಹೋಗಿರಬಹುದು. ತಾಯಿ ಬಾರದಿದ್ದರೆ ಮಾತ್ರ ಎತ್ತಿಕೊಳ್ಳಿ. ಎತ್ತಿಕೊಂಡ ಮೇಲೆ ಕೈಯ ಅಂದಾಜನ್ನೂ ತಕ್ಕಡಿಯನ್ನೂ ನಂಬಿ ಕೂರಬೇಡಿ. ಬೆಳಕಿನಲ್ಲಿ ತುಟಿ ಸರಿಸಿ ಹಲ್ಲು ನೋಡಿ. ಬಾಯಿಯೊಳಗೆ ಬೆರಳು ಬೇಡ. ಹಲ್ಲೇ ಇಲ್ಲದ, ಕಣ್ಣು ಬಿಡದ ಮರಿಯಾದರೆ ಅದಕ್ಕೆ ಮೀನು, ಅನ್ನ, ಹಸುವಿನ ಹಾಲು ಯಾವುದೂ ಆಗದು. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕಲಸಿ, ಹೊಟ್ಟೆ ಕೆಳಗೆ ಮಾಡಿ ಮಲಗಿಸಿಯೇ ಕುಡಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ದವಡೆಹಲ್ಲು ಬಂದ ಮರಿಯಾದರೆ ಅದಕ್ಕೆ ಮೆತ್ತನೆಯ ಊಟ ಬೇಕು, ಲಸಿಕೆಯ ದಿನವೂ ಹತ್ತಿರ ಬಂದಿದೆ. ತಿಳಿಯದಿದ್ದರೆ ನಾಚಿಕೆ ಬೇಡ, ಪಶುವೈದ್ಯರಿಗೆ ತೋರಿಸಿ. ಕಚ್ಚಿದ್ದನ್ನು ಮನೆಯವರಿಂದ ಮುಚ್ಚಿಡಬೇಡಿ.

ಮರಿಗೆ ತನ್ನ ವಯಸ್ಸು ಹೇಳಲು ಮಾತು ಬರುವುದಿಲ್ಲ. ಅದರ ಪರವಾಗಿ ನೀವು ಎರಡು ನಿಮಿಷ ನೋಡಿ. ನಾಳೆಗೆ ಬಿಡಬೇಡಿ, ಮನೆಗೆ ತಂದ ದಿನವೇ ನೋಡಿ.