ಮದುಮಗನ ಸ್ಲೈಡು

ಗುಲಾಬಿ ಬಣ್ಣ ಇವತ್ತು ಸ್ವಲ್ಪ ಗಾಢವಾಯಿತು, ಸ್ಲೈಡನ್ನು ಬಣ್ಣದಲ್ಲಿ ಒಂದು ಗಳಿಗೆ ಹೆಚ್ಚೇ ಬಿಟ್ಟಳೇನೋ, ಆದರೂ ಉಂಗುರಗಳು ಎದ್ದು ಕಾಣುತ್ತಿವೆ, ಸೂಕ್ಷ್ಮದರ್ಶಕದ ಗುಂಡು ಬೆಳಕಿನಲ್ಲಿ ಸಾಲುಸಾಲು ಉಂಗುರ, ಟಗರಿನ ವೃಷಣದ ಕೊಳವೆಗಳನ್ನು ಅಡ್ಡ ಕೊಯ್ದರೆ ಹೀಗೇ — ಎಳೆಮರಿಯದ್ದಾದರೆ ನಡುವೆ ತೂತೇ ಇರುವುದಿಲ್ಲ, ಗಟ್ಟಿ, ಬೆಳೆಯುತ್ತ ಬೆಳೆಯುತ್ತ ಬೆಳಕಿಂಡಿಯೊಂದು ತೆರೆದುಕೊಳ್ಳುತ್ತದೆ, ಒಂದೊಂದು ವಯಸ್ಸಿಗೆ ಒಂದೊಂದು ಜೀನು ಎಚ್ಚರಾಗುತ್ತದೆ, ಗೋಡೆಯ ಕೋಶಗಳು ಪದರಪದರವಾಗಿ ಒಳಕ್ಕೆ ಸರಿದು ಕೊನೆಗೆ ಬಾಲ ಬಂದ ವೀರ್ಯಾಣುಗಳಾಗುತ್ತವೆ, ಮೊದಲೆಲ್ಲ ಇದನ್ನು ನೋಡುತ್ತ ಊಟ ಮರೆಯುತ್ತಿದ್ದಳು. ಇದು ಮದುಮಗನದು. ಟಗರಿಗೆ ದೊಡ್ಡಿಯವನು ಇಟ್ಟ ಹೆಸರು, ಕೊಂಬು, ಗತ್ತು, ಮದ, ಯಾವುದಕ್ಕೂ ಕೊರತೆಯಿಲ್ಲ, ಹಾರೋದೇನೋ ಹಾರ್ತಾನೆ ಮೇಡಂ, ಒಂದು ಕುರಿಯೂ ಗಬ್ಬ ಆಗಲ್ಲ ನೋಡಿ, ಅವಳೂ ನಕ್ಕಿದ್ದಳು, ಕೈಯಿಟ್ಟು ನೋಡಿದರೆ ಚೀಲ ಖಾಲಿ, ವೃಷಣಗಳೆರಡೂ ಹೊಟ್ಟೆಯೊಳಗೇ ಉಳಿದುಬಿಟ್ಟಿದ್ದವು — ನಗು ಅಲ್ಲಿಗೇ ನಿಂತಿತು. ಮೈಯ ಬಿಸಿಗೆ ಬೀಜ ಬೆಂದುಹೋಗುತ್ತದೆ, ಉಂಗುರದ ಗೋಡೆ ತೆಳುವಾಗಿ ಒಳಗೆ ಏನೂ ಉಳಿಯುವುದಿಲ್ಲ, ಗಂಡಿನ ಹಾರ್ಮೋನು ಮಾತ್ರ ಊರುತ್ತಲೇ ಇರುತ್ತದೆ, ಹೊರಗಿನವರಿಗೆ ಏನೂ ತಿಳಿಯುವುದಿಲ್ಲ, ಮೀಸೆ ಬರುತ್ತದೆ, ದನಿ ಒಡೆಯುತ್ತದೆ — ಟಗರಿಗೆ ಎಲ್ಲಿಯ ಮೀಸೆ?

ಬಚ್ಚಲಲ್ಲಿ ಹಬೆ, ಇವಳಿನ್ನೂ ಶಾಲೆಯ ಹುಡುಗಿ, ಅಮ್ಮನಿಗೆ ಸಂಜೆ ಪಾಳಿ, ತಮ್ಮನ ಸ್ನಾನ ಇವಳ ಪಾಲಿಗೆ, ಐದು ವರ್ಷದವನು ತಲೆತುಂಬ ನೊರೆ ಹೊತ್ತು ಕಣ್ಣು ಬಿಗಿಯಾಗಿ ಮುಚ್ಚಿ ಎರಡು ಕಿವಿಗೂ ಕೈಯಿಟ್ಟು ನಿಂತಿದ್ದಾನೆ, ಅಕ್ಕಾ, ಕಣ್ಣು ಬಿಡಲಾ? ಇರೋ, ಇನ್ನೂ ನೊರೆ ಇದೆ. ಅವನು ಕಣ್ಣು ಮುಚ್ಚಿದ್ದಾಗಲೇ ಕಂಡದ್ದು, ಚಪ್ಪಟೆ, ಖಾಲಿ, ಪಕ್ಕದ ಮನೆಯ ಪಾಪುವಿಗೆ ಇದ್ದ ಹಾಗಿಲ್ಲವಲ್ಲ, ಅಮ್ಮನಿಗೆ ಹೇಳಬೇಕು, ಅಮ್ಮ ಬಂದಳು, ಬಾಯಿಗೆ ಬಂತು, ನಾಚಿಕೆ ನುಂಗಿಹಾಕಿತು, ಹುಡುಗಿಯಾಗಿ ಇಂಥದ್ದೆಲ್ಲ ನೋಡ್ತೀಯಾ ಅಂದುಬಿಟ್ಟರೆ? ಆಮೇಲೆ ಓದಿದಳು, ಇದನ್ನೇ ಓದಿದಳು, ಹಾಸ್ಟೆಲಿನಿಂದ ಫೋನು ಮಾಡಿ ಹೇಳಿಯೇಬಿಡುತ್ತೇನೆಂದು ಹೊರಟವಳು ಗಣಿತದಲ್ಲಿ ಎಷ್ಟು ಬಂತೋ ಎಂದು ಕೇಳಿ ಇಟ್ಟಳು. ಇವಳ ಕಾಲೇಜು ಮುಗಿಯುವ ಹೊತ್ತಿಗೆ ಹರ್ನಿಯಾ ಎಂದು ಅವನ ಹೊಟ್ಟೆ ಕೊಯ್ದ ಡಾಕ್ಟರು ಎರಡನ್ನೂ ಕೆಳಗಿಳಿಸಿ ಹೊಲಿದರು, ಇನ್ನೇನೂ ತೊಂದರೆ ಇಲ್ಲ ಪುಟ್ಟಾ, ಎಲ್ಲ ಸರಿಹೋಯ್ತು — ಯಾರು ಹೇಳಿದ್ದು, ಡಾಕ್ಟರಲ್ಲ, ಇವಳು. ಅಷ್ಟು ತಡವಾಗಿ ಇಳಿಸಿದರೆ ಇಳಿಯುವುದು ಜಾಗ ಮಾತ್ರ, ಬೆಂದದ್ದು ಮೊಳೆಯುವುದಿಲ್ಲ, ಗೊತ್ತಿತ್ತು, ಗೊತ್ತಿದ್ದೇ ಹೇಳಿದಳು, ಅವನ ಮುಖ ಅರಳಿತಲ್ಲ, ಅದಕ್ಕೆ, ಪಾಪಿ.

ಮೇಜಿನ ಮೇಲೆ ಫೋನು ಗುರ್ರೆನ್ನುತ್ತದೆ, ಇದರಲ್ಲೇ ತಮ್ಮನ ಹೆಂಡತಿ ನಿನ್ನೆ ಅತ್ತಿದ್ದಳು, ನಾಡಿದ್ದು ಬೆಳಿಗ್ಗೆ ಅಡ್ಮಿಟ್ ಆಗ್ಬೇಕಂತೆ ಅಕ್ಕಾ, ಮಗು ಯಾಕೆ ಆಗ್ತಿಲ್ಲ ಅಂತ ಮತ್ತೆ ಹೊಟ್ಟೆ ತೂತು ಮಾಡಿ ನೋಡ್ತಾರಂತೆ, ನನ್ನಲ್ಲೇ ಏನೋ ಐಬಿದೆ ಅನ್ಸತ್ತೆ, ಇವರನ್ನ ಒಂದ್ಸಲ ಟೆಸ್ಟಿಗೆ ಬನ್ನಿ ಅಂದ್ರೆ ರೇಗ್ತಾರೆ, ನಂದೆಲ್ಲ ಆಗಲೇ ಸರಿಯಾಗಿದೆ, ಓದಿದವಳು ನಮ್ಮಕ್ಕನೇ ಹೇಳಿದಾಳೆ ಅಂತಾರೆ — ಹೂಂ ಎಂದಿದ್ದಳು ಇವಳು, ಬರೀ ಹೂಂ. ಈಗ ಅವನದೇ ಫೋನು, ಕೈಗವಸು ಕಿತ್ತು ಎತ್ತುತ್ತಾಳೆ, ಕಣ್ಣು ಇನ್ನೂ ಉಂಗುರದ ಮೇಲೇ, ಖಾಲಿ ಉಂಗುರ, ಹೇಳು, ಈಗ ಹೇಳಿದರೆ ಅವಳ ಹೊಟ್ಟೆಗೆ ನಾಳೆಯ ಕತ್ತರಿ ತಪ್ಪುತ್ತದೆ, ಹೇಳಿದರೆ ಅವನು ಮತ್ತೆ ಅಕ್ಕಾ ಅನ್ನುತ್ತಾನೆಯೇ, ಹೇಳೇ, ಬಾಯಿಬಿಡು — ಅಕ್ಕಾ, ನಾಳೆ ನೀನೂ ಬರ್ತೀಯಲ್ವಾ, ಅವಳಿಗೆ ಧೈರ್ಯ, ನನಗೂ ಧೈರ್ಯ, ಅವಳಲ್ಲಿ ಏನು ತೊಂದರೆ ಇದೆ ಅಂತ ನಾಳೆ ಗೊತ್ತಾಗಿಬಿಡುತ್ತೆ ಅಲ್ವಾ ಅಕ್ಕಾ, ಅಕ್ಕಾ, ಕೇಳಿಸ್ತಿದೆಯಾ — ಕೇಳಿಸುತ್ತಿದೆ, ನೀರಿನ ಸದ್ದು, ಹಬೆ, ತಲೆತುಂಬ ನೊರೆ, ಕಿವಿಯ ಮೇಲೆ ಎರಡು ಪುಟ್ಟ ಕೈ, ಬಿಗಿಯಾಗಿ ಮುಚ್ಚಿದ ಕಣ್ಣು, ಅಕ್ಕಾ, ಕಣ್ಣು ಬಿಡಲಾ, ಕಣ್ಣು ಬಿಡಲಾ