ಕಾಲರಿಗೆ ಹೋದ ರಿಪೋರ್ಟು

ಏಳು ಬೀದಿಗಳಾಚೆ ಒಂದೂರು, ಆ ಊರಲ್ಲೊಬ್ಬಳು ದರ್ಜಿ. ಅವಳ ಕತ್ತರಿಗೆ ಎಂಥ ದಪ್ಪ ಬಟ್ಟೆಯೂ ಹೆದರುತ್ತಿತ್ತು; ಅವಳು ಮಾತ್ರ ತನ್ನ ಗರ್ಭಕೋಶದಲ್ಲಿದ್ದ ಪುಟ್ಟ ಕಿತ್ತಳೆಯಷ್ಟು ಗಡ್ಡೆಗೆ ಹೆದರುತ್ತಿದ್ದಳು. ಕಳೆದ ವರ್ಷದ ಸ್ಕ್ಯಾನಿನಲ್ಲಿ ಕಂಡದ್ದು ಅದು. ಅಂದಿನಿಂದ ಬಟ್ಟೆ ಹೊಲಿಸಲು ಬಂದವರೆಲ್ಲ ಅಳತೆಯ ಜೊತೆಗೆ "ಗಡ್ಡೆ ಅಂದ್ಮೇಲೆ ಕ್ಯಾನ್ಸರೇ" ಎಂಬ ಮಾತನ್ನೂ ಕೊಟ್ಟು ಹೋಗುತ್ತಿದ್ದರು. ಕೊನೆಗೆ ತಂಗಿ ಮಾತು ಕೊಟ್ಟಳು: "ಅದು ಎಂಥ ಗಡ್ಡೆ ಅಂತ ಡಾಕ್ಟ್ರ ಬಾಯಲ್ಲೇ ಹೇಳಿಸ್ದೆ ನಿನ್ನನ್ನ ಮನೆಗೆ ಕರ್ಕೊಂಡು ಬರಲ್ಲ."

ಯಾವ ಗಳಿಗೆಯಲ್ಲಿ ಬಾಯಿಬಿಟ್ಟೆನೋ ಎಂದು ತಂಗಿ ಈಗ ಸ್ಕ್ಯಾನ್ ಸೆಂಟರಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದಳು. ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಅಕ್ಕ ಬಾಟಲಿಗಟ್ಟಲೆ ನೀರು ಕುಡಿದಳು, ಕಾದಳು. ಸರಿಯಾಗಿ ಸರದಿ ಬರುವ ಹೊತ್ತಿಗೆ ಶೌಚಾಲಯದಿಂದ ಹೊರಬಂದಳು. ಒಂದು ಸಲವಲ್ಲ, ಎರಡು ಸಲ.

"ಅಕ್ಕಾ, ನೀನೇನು ತೂತು ಬಿದ್ದ ಕೊಡಾನಾ?"

"ತಡ್ಕೊಳ್ಳಕ್ಕಾಗ್ಲಿಲ್ಲ ಕಣೇ. ನಾಳೆ ಬರೋಣ."

"ನಿನ್ನ ನಾಳೆ ನಂಗೊತ್ತಿಲ್ವಾ! ಕುಡಿ."

ಮೂರನೇ ಸಲ ತಂಗಿ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಒಳಗೆ ಸ್ಕ್ಯಾನ್ ಡಾಕ್ಟರಮ್ಮ ಅಕ್ಕನ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಪರದೆಯನ್ನು ಬಹಳ ಹೊತ್ತು ನೋಡಿದರು. "ಹಳೇ ರಿಪೋರ್ಟ್ ಕೊಡಿ. ಎಷ್ಟು ಬೆಳೆದಿದೆ ನೋಡ್ಬೇಕು."

ಅಕ್ಕ ಸೂರು ನೋಡಿದಳು. "ಅದು... ಕಾಲರಿಗೆ ಹೋಯ್ತು."

"ಎಲ್ಲಿಗೆ?"

"ಒಳ್ಳೇ ಗಟ್ಟಿ ಕಾಗದ. ಕಂಡಾಗೆಲ್ಲ ಎದೆ ಢವಢವ ಅನ್ನೋದು. ಕತ್ತರಿಸಿ ಅಚ್ಚು ಮಾಡ್ಬಿಟ್ಟೆ."

ಪಕ್ಕದಲ್ಲೇ ನಿಂತಿದ್ದ ತಂಗಿ ಹಣೆ ಚಚ್ಚಿಕೊಂಡಳು. ಹೋದ ಸಲ ಸ್ಕ್ಯಾನ್ ಮಾಡಿಸಿದ ಕಡೆ ಕೇಳೋಣವೆಂದರೆ ಅವರು ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, "ಅಲ್ಲಾಡಿದ್ರೆ ನೋಡು!" ಎಂದು ಅವಳ ಹೊಲಿಗೆ ಅಂಗಡಿಗೆ ಓಡಿದಳು. ಗೋಡೆಯ ಮೊಳೆಯಲ್ಲಿ ತೋಳು, ಜೇಬು, ಕಾಲರುಗಳ ಕಾಗದದ ಅಚ್ಚುಗಳು ಗೊಂಚಲಾಗಿ ನೇತಾಡುತ್ತಿದ್ದವು. ಒಂದೊಂದನ್ನೇ ತಿರುವಿದಳು. ಕಾಲರಿನ ಹಿಂದೆ ಬೂದು ಬಣ್ಣದ ಅರ್ಧ ಚಿತ್ರ ಸಿಕ್ಕಿತು. ಅಳತೆಯಿದ್ದ ಸಾಲು ಜೇಬಿಗೆ ಹೋಗಿತ್ತು. ಎರಡನ್ನೂ ಹಿಡಿದು ಬೆವರಿಳಿಸುತ್ತ ವಾಪಸು ಬಂದಳು.

ಡಾಕ್ಟರಮ್ಮ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದರು. "ಇಪ್ಪತ್ತು ವರ್ಷದಲ್ಲಿ ಜೇಬು ಓದಿದ್ದು ಇದೇ ಮೊದಲು. ಆಗ ಆರು ಸೆಂಟಿಮೀಟರು. ಈಗ ಆರೂಕಾಲು."

"ಬೆಳೆದಿದೆ!" ಅಕ್ಕ ತಂಗಿಯ ತೋಳು ಹಿಡಿದಳು.

"ವರ್ಷಕ್ಕೆ ಇಷ್ಟು ಬೆಳೆದ್ರೆ ಬೆಳೆದ ಹಾಗಲ್ಲಮ್ಮ. ಇಲ್ನೋಡಿ, ಅಂಚು ದುಂಡಗೆ, ಗೆರೆ ಎಳೆದ ಹಾಗಿದೆ. ರಕ್ತನಾಳ ಸುತ್ತ ಬಳಸ್ಕೊಂಡು ಹೋಗಿದೆ. ಕೆಟ್ಟ ಗಡ್ಡೆಗೆ ಸಾಮಾನ್ಯವಾಗಿ ಅಂಚು ಕಲಸಿರತ್ತೆ, ಒಳಗೆಲ್ಲ ರಕ್ತನಾಳ ಅಡ್ಡಾದಿಡ್ಡಿ ನುಗ್ಗಿರತ್ತೆ, ನಡುವೆ ಸತ್ತ ಭಾಗ ಕಾಣತ್ತೆ. ಇಲ್ಲಿ ಅದ್ಯಾವ್ದೂ ಇಲ್ಲ."

"ಅಂದ್ರೆ ನೂರಕ್ಕೆ ನೂರು...?"

"ಬರೀ ಸ್ಕ್ಯಾನ್ ನೋಡಿ ಯಾರೂ ನೂರು ಹೇಳಲ್ಲ. ಅನುಮಾನ ಬಂದಿದ್ರೆ ಎಂಆರ್‌ಐ ಬರೀತಿದ್ದೆ. ಆರು ತಿಂಗಳು ಬಿಟ್ಟು ಬನ್ನಿ, ಮತ್ತೆ ನೋಡೋಣ."

ತಂಗಿಯ ತಾಳ್ಮೆ ಮುಗಿದಿತ್ತು. "ಡಾಕ್ಟ್ರೇ, ಅಂಚು, ನಾಳ ಎಲ್ಲ ಸರಿ. ಇವಳ ಮುಖ ನೋಡಿ ಒಂದೇ ಮಾತಲ್ಲಿ ಹೇಳ್ಬಿಡಿ. ಇಲ್ದಿದ್ರೆ ಇವತ್ತು ನಾವಿಬ್ರೂ ಮನೆಗೆ ಹೋಗೋ ಹಾಗಿಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಅಕ್ಕನತ್ತ ಬಾಗಿದರು.

"ಇದು ಫೈಬ್ರಾಯ್ಡ್, ಸಾದಾ ಗಡ್ಡೆ ಕಣಮ್ಮ. ಕ್ಯಾನ್ಸರಿನ ಲಕ್ಷಣ ಒಂದೂ ಇಲ್ಲ."