ಈಚ್‌ವೇ ಆಡಿ ಗೆದ್ದ ಬುರಾನುದ್ದೀನ

ಮಳೆಗಾಲದ ಶನಿವಾರ ಬಂತೆಂದರೆ ಬೆಳಗಾವಿಯ ಟಾಂಗಾ ಸ್ಟ್ಯಾಂಡಿನಲ್ಲಿ ಯಾರಿಗೂ ಸವಾರಿ ಬೇಡ. ಪುಣೆಯ ರೇಸಿನಲ್ಲಿ ಕುದುರೆ ಓಡುತ್ತದೆ, ಇಲ್ಲಿ ನಮ್ಮವರ ಬುದ್ಧಿ ಓಡಿಹೋಗುತ್ತದೆ. ಹಿಂದಿನ ಓಣಿಯಲ್ಲಿ ಪಣ ಕಟ್ಟಿಸಿಕೊಳ್ಳುವ ಕಳ್ಳ ಬುಕ್ಕಿ ಕೂತು ಚೀಟಿ ಹರಿದು ಕೊಡುತ್ತಾನೆ. ಟಾಂಗಾದವರಿಗೆ ಇನ್ನೊಂದು ಸೊಕ್ಕು: ಹುಟ್ಟಿದಾಗಿನಿಂದ ಕುದುರೆ ಜೊತೆ ಇದ್ದೇವೆ, ನಮಗಿಂತ ಕುದುರೆ ಬಲ್ಲವರು ಯಾರು?

ಬುರಾನುದ್ದೀನನಿಗೂ ಅದೇ ಸೊಕ್ಕು. ಅವನ ಟಾಂಗಾದ ಎಡಗಾಲಿ ಬಿರುಕು ಬಿಟ್ಟಿತ್ತು. ಸೋಮವಾರ ತಪಾಸಣೆ. ಗಾಲಿ ಬದಲಿಸದಿದ್ದರೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದಿದ್ದರೆ ಮನೆಯ ಐದು ಹೊಟ್ಟೆಗೆ ರೊಟ್ಟಿ ಇಲ್ಲ. ಗಾಲಿಗೆಂದು ಹೆಂಡತಿ ನಜ್ಮುನ್ನಿಸಾ ಕೂಡಿಸಿದ್ದ ನೂರಿಪ್ಪತ್ತು ರೂಪಾಯಿ ಅವನ ಕಿಸೆಯಲ್ಲಿತ್ತು.

ಆ ಬೆಳಿಗ್ಗೆ ಖಾನಾಪುರದ ರಸೂಲಸಾಬರು ಅವನ ಕುದುರೆಗೆ ಲಾಳ ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಪುಣೆಯ ರೇಸ್ ಲಾಯಗಳಲ್ಲಿ ಇದೇ ಕೆಲಸ ಮಾಡಿದವರು. ಅಷ್ಟರಲ್ಲಿ ನಜ್ಮುನ್ನಿಸಾ ಬುತ್ತಿ ತಂದಳು.

"ಏನ್ರೀ, ಗಾಲಿ ತರಾಕ ಹೋಗೂದು ಬಿಟ್ಟು ಇಲ್ಲೇ ಕುಂತೀರಿ?"

"ಸಂಜಿತನಾ ತಡಿ. ಇವತ್ತ ಒಂದು ಕುದರಿ ಆರಿಸೇನಿ, ನಲವತ್ತು ಕಟ್ತೀನಿ, ಎರಡೂ ಗಾಲಿ ಹೊಸಾವು ಬರ್ತಾವ."

ಬಾಜು ಟಾಂಗಾದ ಸಿದ್ದಪ್ಪ ನಕ್ಕ. "ವಿನ್ ಆಡಿದ್ರ ಬರ್ತಿದ್ದೂ, ಭಾಬಿ. ಇಂವಾ ಆಡೂದು ಈಚ್‌ವೇ. ಅಂಜುಬುರುಕರ ಆಟ!"

"ಅಂಜಿಕಿ ಅಲ್ಲೋ, ಶಾಣ್ಯಾತನ! ನಿನ್ನ ಕುದರಿ ಮೊದಲ ಬರಲಿಲ್ಲಂದ್ರ ಎಲ್ಲಾ ಹೋತು. ನಂದು ಎರಡನೇದು ಬರ್ಲಿ, ಮೂರನೇದು ಬರ್ಲಿ, ರೊಕ್ಕ ಐತಿ. ಹೋದ ವಾರ ಗೆದ್ದಿಲ್ಲೇನು?"

ರಸೂಲಸಾಬರು ಬಾಯಲ್ಲಿ ಹಿಡಿದಿದ್ದ ಮೊಳೆಗಳನ್ನು ಅಂಗೈಗೆ ಉಗಿದರು. "ಎಷ್ಟು ಬಂತು?"

"ಮೂವತ್ತು, ಚಾಚಾ! ಕುದರಿ ಎರಡನೇದು ಬಂತು."

"ಕಟ್ಟಿದ್ದೆಷ್ಟು?"

"ಈಚ್‌ವೇ ಇಪ್ಪತ್ತು."

"ಬುಕ್ಕಿ ಕೈಯಾಗ ಇಟ್ಟಿದ್ದೆಷ್ಟೋ?"

ಬುರಾನುದ್ದೀನ ಕುತ್ತಿಗೆ ಕೆರೆದುಕೊಂಡ. "ನಲವತ್ತು."

ರಸೂಲಸಾಬರು ಟಾಂಗಾದ ಮೆಟ್ಟಿಲ ಮೇಲೆ ನಾಲ್ಕು ಮೊಳೆ ಇಟ್ಟರು. "ಒಂದು ಮೊಳಿ ಹತ್ತು ರೂಪಾಯಿ ಅನ್ನು. ಈಚ್‌ವೇ ಅಂದ್ರ ಒಂದ ಪಣ ಅಲ್ಲ, ಎರಡು. ಕುದರಿ ಮೊದಲನೇದು ಬರ್ತೈತಿ ಅಂತ ಎರಡು ಮೊಳಿ. ಮೊದಲ ಮೂರರಾಗ ಬರ್ತೈತಿ ಅಂತ ಎರಡು. ಬಂದದ್ದು ಎರಡನೇದು. ಹಂಗಾರ ಈ ಎರಡು ಬುಕ್ಕಿ ನುಂಗಿದ." ಎರಡು ಮೊಳೆ ಚೀಲಕ್ಕೆ ಬಿದ್ದವು. "ಉಳಿದ ಎರಡು ಹೊಳ್ಳಿ ಬಂದೂ. ರೇಟ್ ರೂಪಾಯಿಗೆ ಎರಡಿತ್ತು, ಖರೇ. ಆದರ ಮೊದಲ ಮೂರರ ಪಣಕ್ಕ ಸಿಗೂದು ಅದರ ಕಾಲು ಪಾಲು, ರೂಪಾಯಿಗೆ ಎಂಟಾಣೆ. ತಗೋ, ಎರಡಕ್ಕ ಒಂದು ಮೊಳಿ."

ನಜ್ಮುನ್ನಿಸಾ ಎಣಿಸಿದಳು. "ಮೂರು! ನಾಲ್ಕು ಕೊಟ್ಟು ಮೂರು ತಂದು, ಗೆದ್ದೆ ಅಂತ ಓಣಿಗೆಲ್ಲಾ ಜಿಲೇಬಿ ಹಂಚಿದ್ರಲ್ರೀ!"

ಸಿದ್ದಪ್ಪ ತೊಡೆ ತಟ್ಟಿದ. "ನಾ ಹೇಳಲಿಲ್ಲೇನು? ವಿನ್ನ ಛಲೋ!"

ರಸೂಲಸಾಬರು ಅವನ ಕಡೆ ತಿರುಗಿದರು. "ಬಂದ್ರ ನಿಂದ ಜಾಸ್ತಿ, ಒಪ್ಪಿದೆ. ಈ ವರ್ಷ ಎಷ್ಟು ಸಲ ಬಂತಪಾ?"

ಸಿದ್ದಪ್ಪ ತನ್ನ ಕುದುರೆಯ ಮೇಲೆ ಇಲ್ಲದ ನೊಣ ಓಡಿಸಿದ. "ಒಂದ ಸಲ."

"ವಿನ್ ನಿನ್ನ ಕಿಸೆ ಒಮ್ಮೆಲೆ ಹರೀತೈತಿ. ಈಚ್‌ವೇ ಇವನ ಕಿಸೆಗೆ ತೂತು ಹಾಕ್ತೈತಿ. ಇಷ್ಟ ಫರಕು."

ಬುರಾನುದ್ದೀನ ಎದೆ ಉಬ್ಬಿಸಿದ. "ಆದ್ರ ನಾ ಕುದರಿ ಬಲ್ಲೆ, ಚಾಚಾ. ಪೇಪರಿನ ಫೋಟೋದಾಗ ಕಾಲು ನೋಡಿ ಹೇಳ್ತೀನಿ!"

"ರೇಸಿನ ದಿನ ಮುಂಜಾನೆ ಆ ಕಾಲು ನನ್ನ ತೊಡಿ ಮ್ಯಾಲ ಇರ್ತಿತ್ತು, ಬೇಟಾ. ಯಾವದು ಗೆಲ್ತೈತಿ ಅಂತ ನನಗ ಒಂದ ದಿನಾನೂ ತಿಳೀಲಿಲ್ಲ. ನೀ ಪೇಪರಿನ್ಯಾಗ ನೋಡಿ ಹೇಳ್ತಿ?"

ಬುರಾನುದ್ದೀನ ಕಿಸೆಗೆ ಕೈ ಹಾಕಿದ. ನೂರಿಪ್ಪತ್ತೂ ತೆಗೆದು ಹೆಂಡತಿಯ ಕೈಗಿಟ್ಟ. "ನೀನ ಹಿಡಿ. ನನ್ನ ಕೈ ಮ್ಯಾಲ ನನಗ ಭರವಸೆ ಇಲ್ಲ."

"ನನಗೂ ಇಲ್ಲ. ನಡೀರಿ, ನಾನೂ ಬರ್ತೀನಿ."

ಇಬ್ಬರೂ ಹೋಗಿ ಗಾಲಿ ತಂದರು. ಅದನ್ನು ಕೂಡಿಸುತ್ತಿದ್ದಾಗ ಸಿದ್ದಪ್ಪ ಓಡಿ ಬಂದ. "ಬುರಾನಭಾಯ್, ನೀ ಆರಿಸಿದ್ದ ಕುದರಿ ಮೊದಲನೇದ ಬಂತೋ!"

ನಜ್ಮುನ್ನಿಸಾ ಗಂಡನ ಮುಖ ನೋಡಿದಳು. ಅವನು ಗಾಲಿಯಿಂದ ಕೈ ತೆಗೆಯಲಿಲ್ಲ.

"ಬರ್ಲಿ ಬಿಡೋ. ಇವತ್ತು ಗೆದ್ದಿದ್ರ ಮುಂದಿನ ಶನಿವಾರ ಈ ಟಾಂಗಾನ ಪಣಕ್ಕ ಇಡ್ತಿದ್ದೆ."

ಸೋಮವಾರ ಟಾಂಗಾ ಪಾಸಾಯಿತು.

ವಿನ್ ಒಳ್ಳೆಯದೋ ಈಚ್‌ವೇ ಒಳ್ಳೆಯದೋ ಎಂದು ಕಟ್ಟೆಯ ಮೇಲೆ ವಾದ ಮಾಡುವ ಅಣ್ಣಂದಿರೇ, ಯಾವ ಕತ್ತಿ ಹರಿತ ಎಂದು ಕುರಿಗಳು ಜಗಳ ಮಾಡಬಾರದು. ರೇಟು ಬರೆಯುವವನೂ ಬುಕ್ಕಿಯೇ, ಚೀಟಿ ಹರಿಯುವವನೂ ಅವನೇ. ಈ ಶನಿವಾರ ಆ ಓಣಿಗೆ ಹೋಗಿ ಬುಕ್ಕಿಯನ್ನೇ ಕೇಳಿ: ನೀನು ಯಾವ ಕುದುರೆಗೆ ಕಟ್ಟಿದೆ?

ಅವನು ಕಟ್ಟುವುದಿಲ್ಲ. ನೀವೂ ಕಟ್ಟಬೇಡಿ.